ಪ್ಯಾರಿಸ್‌ನಲ್ಲಿ ಹಳೇ ಬಗೆಯ ಫ್ರೆಂಚ್ ಊಟ, ಕೈಗೆಟುಕುವ ಬೆಲೆಗೆ

ಪ್ಯಾರಿಸ್‌ಗೆ ಹೋಗುವವರು ಒಂದು ಹೊತ್ತಾದರೂ 'ಬುಯೋಂ' ಎನ್ನುವ ಹಳೇ ಬಗೆಯ ಹೋಟೆಲಿನಲ್ಲಿ ಊಟ ಮಾಡಿ. ನನಗೆ ಇಷ್ಟವಾದದ್ದು ಗ್ರಾಂ ಬುಲೆವಾರ್ ಹತ್ತಿರದ ಬುಯೋಂ ಶಾರ್ತಿಯೇ. 1896ರಲ್ಲಿ ಕೆಲಸಗಾರರಿಗೆ ಕಡಿಮೆ ಬೆಲೆಗೆ ಬಿಸಿ ಊಟ ಕೊಡಲು ಶುರುವಾದ ಜಾಗ. ಗೋಡೆಯಲ್ಲಿ ಪುಟ್ಟ ಪುಟ್ಟ ಡ್ರಾಯರ್‌ಗಳಿವೆ, ನೋಡಿ. ದಿನಾ ಬರುತ್ತಿದ್ದವರು ತಮ್ಮ ನ್ಯಾಪ್ಕಿನ್ ಅಲ್ಲೇ ಇಡುತ್ತಿದ್ದರಂತೆ. ವೇಟರ್ ನಿಮ್ಮ ಆರ್ಡರನ್ನು ಮೇಜಿಗೆ ಹಾಸಿದ ಕಾಗದದ ಮೇಲೇ ಬರೆದುಕೊಳ್ಳುತ್ತಾರೆ, ಕೊನೆಗೆ ಲೆಕ್ಕ ಕೂಡುವುದೂ ಅಲ್ಲೇ!

ಊಟದ ಹೊತ್ತಿಗೆ ಕ್ಯೂ ಉದ್ದ ಇರುತ್ತದೆ. ಬೇರೆ ಎಷ್ಟೋ ಕಡೆ ಮಧ್ಯಾಹ್ನದ ಮೇಲೆ ಅಡುಗೆಮನೆ ಮುಚ್ಚುತ್ತಾರೆ, ಇಲ್ಲಿ ಹಾಗಿಲ್ಲ. 3 ಗಂಟೆ ಮೇಲೆ ಹೋಗುವುದು ಒಳ್ಳೇದು. ಗೊತ್ತಿಲ್ಲದವರ ಜೊತೆ ಮೇಜು ಹಂಚಿಕೊಳ್ಳಬೇಕಾಗಬಹುದು.

ಸಸ್ಯಾಹಾರಿಗಳು ಮಾತ್ರ ಜೋಪಾನ. ಫ್ರೆಂಚ್ ಈರುಳ್ಳಿ ಸೂಪ್ ಸಾಮಾನ್ಯವಾಗಿ ದನದ ಮೂಳೆ-ಮಾಂಸ ಬೇಯಿಸಿದ ನೀರಿನಲ್ಲೇ ಮಾಡುವುದು. ಬೇಳೆಕಾಳಿನ ಸಲಾಡ್‌ನಲ್ಲೂ ಹಂದಿಮಾಂಸದ ಚೂರು ಇರಬಹುದು. ಮೊದಲೇ 'ನಿ ವ್ಯಾಂದ್, ನಿ ಪ್ವಾಸೋಂ' ಅನ್ನಿ: ಮಾಂಸ ಬೇಡ, ಮೀನೂ ಬೇಡ ಅಂತ.

ಸುಮ್ನೆ ನೀರು ಕೇಳಿದರೆ ಬಾಟಲಿ ತಂದು ದುಡ್ಡು ಹಾಕಬಹುದು. 'ಊನ್ ಕರಾಫ್ ದೋ' ಅಂದರೆ ಜಗ್ಗಿನಲ್ಲಿ ನಲ್ಲಿ ನೀರು ಬರುತ್ತದೆ, ಪುಕ್ಕಟೆ. ಬ್ರೆಡ್ಡಿಗೂ ದುಡ್ಡಿಲ್ಲ. ಸರ್ವಿಸ್ ಚಾರ್ಜ್ ಬೆಲೆಯಲ್ಲೇ ಸೇರಿರುತ್ತದೆ, ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ. ಒಳಗೆ ಹೋಗುವಾಗ 'ಬೋಂಜೂರ್' ಅನ್ನುವುದನ್ನು ಮಾತ್ರ ಮರೀಬೇಡಿ. ಅದು ಅಲ್ಲಿನ ಮರ್ಯಾದೆ.