ಪಾಗಾ ಮೊಸಳೆ ಕೊಳಕ್ಕೆ ಹೋಗುವವರಿಗೆ

ಘಾನಾದ ಉತ್ತರ ಗಡಿಯ ಪಾಗಾ, ಬೋಲ್ಗಾಟಂಗಾ ಪಟ್ಟಣದಿಂದ ಸುಮಾರು 40 ಕಿ.ಮೀ. ಶೇರ್ ಟ್ಯಾಕ್ಸಿ ಸೀಟು ತುಂಬಿದ ಮೇಲೆಯೇ ಹೊರಡುವುದು, ಹಾಗಾಗಿ ಬೆಳಿಗ್ಗೆ ಬೇಗ ಹೋಗಿ. ಕೊಳದ ಹತ್ತಿರ ಪ್ರವೇಶ, ಗೈಡ್, ಮೊಸಳೆಗೆ ಹಾಕುವ ಕೋಳಿ, ಫೋಟೊ ಎಲ್ಲ ಸೇರಿ ಎಷ್ಟೆಂದು ಮೊದಲೇ ಕೇಳಿಕೊಳ್ಳಿ; ಚೌಕಾಸಿ ಜಗಳವಾಗುವುದು ಇಲ್ಲೇ. ಸೆಡಿಯ (ಘಾನಾದ ಹಣ) ಚಿಲ್ಲರೆ ನೋಟು ಇರಲಿ. ಗೈಡ್ ಕರೆದಾಗ ಮಾತ್ರ, ಅದೂ ಹಿಂದಿನಿಂದ ಮೊಸಳೆಯ ಹತ್ತಿರ ಹೋಗಿ. ಸಾಧು ಅನ್ನುತ್ತಾರೆ, ಆದರೂ ಮೊಸಳೆ ಮೊಸಳೆಯೇ.

ಪಾಗಾ ಹತ್ತಿರದ ಪಿಕ್ವೊರೊ, ಹಿಂದೆ ಗುಲಾಮರನ್ನು ಇಡುತ್ತಿದ್ದ ಶಿಬಿರ, ನೋಡದೆ ಬಿಡಬೇಡಿ. ಗುಲಾಮರ ಊಟಕ್ಕೆಂದು ಬಂಡೆಯಲ್ಲೇ ಕೊರೆದ ಕುಳಿಗಳಿವೆ. ಬಿಸಿಲಿಗೆ ಬಂಡೆ ಕಾಯುತ್ತದೆ, ನೀರು ಒಯ್ಯಿರಿ. ಗಡಿಯಾಚೆಯ ಬುರ್ಕಿನಾ ಫಾಸೊ ದೇಶದಲ್ಲಿ ಭದ್ರತೆ ಸರಿಯಿಲ್ಲ, ಆ ಕಡೆ ದಾಟಬೇಡಿ.

ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಹಾಕಿಸಿ. ಲಸಿಕೆಯ ಕಾರ್ಡ್ ಇಲ್ಲದೆ ಭಾರತಕ್ಕೆ ಮರಳಿದರೆ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು.