ಸಿಟಿ ಪಕ್ಕದ ಕಾಡುಬೆಟ್ಟಕ್ಕೆ ಹೊರಟಿದ್ದೀರಾ? ಮೊದಲು ಇಳಿಯುವ ಹೊತ್ತು ಗೊತ್ತು ಮಾಡಿಕೊಳ್ಳಿ

ಸಿಟಿ ಪಕ್ಕದ ಬೆಟ್ಟ ಅಂದರೆ ನಾವೆಲ್ಲ ಪಾರ್ಕಿಗೆ ಹೋದ ಹಾಗೆ ಹೊರಟುಬಿಡುತ್ತೇವೆ. ಹತ್ತಿರ ಇದೆ ಅನ್ನುವುದೇ ತೊಂದರೆ, ಅಲ್ವಾ?

ಎಷ್ಟು ಹೊತ್ತು ಬೇಕು ಅಂತ ಮನೆಯಲ್ಲೇ ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರಲು 10 ಕಿಲೋಮೀಟರ್, ಏರು 600 ಮೀಟರ್ ಅಂದರೆ ಮೂರು ಗಂಟೆ. ಆದರೆ ಇದು ಎಲ್ಲೂ ನಿಲ್ಲದೆ ನಡೆಯುವ ಗಟ್ಟಿಗರಿಗೆ. ಮಕ್ಕಳು, ಫೋಟೋ, ಊಟ ಎಲ್ಲ ಸೇರಿದರೆ ಐದು ಗಂಟೆ ಇಟ್ಟುಕೊಳ್ಳಿ. ಸೂರ್ಯ ಮುಳುಗುವ ಎರಡು ಗಂಟೆ ಮುಂಚೆ ಕೆಳಗಿರುವ ಹಾಗೆ ಹಿಂದಕ್ಕೆ ಎಣಿಸಿ, ಯಾಕೆಂದರೆ ಮರಗಳ ಕೆಳಗೆ, ಅದರಲ್ಲೂ ಪೂರ್ವದ ಇಳಿಜಾರಿನಲ್ಲಿ, ಬೆಟ್ಟದ್ದೇ ನೆರಳು ಬಿದ್ದು ಬೇಗ ಮಬ್ಬಾಗುತ್ತದೆ. ವಾಪಸ್ ತಿರುಗುವ ಹೊತ್ತು ಬಂತಾ, ತುದಿ ಕಣ್ಣೆದುರೇ ಇದ್ದರೂ ತಿರುಗಿಬಿಡಿ.

ಸಾವಿರ ಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ಚಳಿ ಜಾಸ್ತಿ. ಗಾಳಿ ತಡೆಯುವ ಜಾಕೆಟ್, ಮೊಬೈಲಿನದ್ದಲ್ಲದ ಬೇರೆಯದೇ ಟಾರ್ಚ್, ಸಾಕಷ್ಟು ನೀರು ಇರಲಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ.

ಗೇಟಿನ ಬೋರ್ಡನ್ನು ನಿಂತು ಓದಿ. ಸಂರಕ್ಷಿತ ಕಾಡಿನಲ್ಲಿ ದಾರಿ ಮುಚ್ಚಿದ್ದರೆ ಅದಕ್ಕೊಂದು ಕಾರಣ ಇರುತ್ತದೆ: ಕಾಳ್ಗಿಚ್ಚಿನ ಭಯ, ಹಕ್ಕಿಗಳು ಗೂಡು ಕಟ್ಟುವ ಕಾಲ, ಇಲ್ಲಾ ಕುಸಿಯುವ ಮಣ್ಣು. ಸುಮ್ನೆ ಹಗ್ಗ ದಾಟಬೇಡಿ.

ನನಗೆ ತುಂಬಾ ನೋವಾಗುವುದು ಅಡ್ಡದಾರಿಗಳನ್ನು ನೋಡಿದಾಗ. ಅಂಕುಡೊಂಕಾಗಿ ದಾರಿ ಮಾಡಿರುವುದು ಏರು ಕಡಿಮೆಯಾಗಲಿ, ಮಳೆನೀರಿನ ರಭಸ ತಗ್ಗಲಿ ಅಂತ. ಎರಡು ತಿರುವುಗಳ ನಡುವೆ ಯಾರೋ ನೇರ ಇಳಿಯುತ್ತಾರೆ, ಹಿಂದೆ ಬಂದವರೂ ಅಲ್ಲೇ ಇಳಿಯುತ್ತಾರೆ. ಮೊದಲು ಹುಲ್ಲು ಸಾಯುತ್ತದೆ, ಆಮೇಲೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ, ಮಳೆ ಬಂದಾಗ ನೀರೆಲ್ಲ ಅದೇ ಗೆರೆಯಲ್ಲಿ ಹರಿದು ಬೇರುಗಳು ಹೊರಬಿದ್ದು ಕೊರಕಲಾಗುತ್ತದೆ. ಕೆಸರಿದ್ದರೂ ದಾರಿಯ ನಡುವೆಯೇ ನಡೆಯಿರಿ. ಅಂಚಿನಲ್ಲಿ ಹೋದಷ್ಟೂ ದಾರಿ ಅಗಲವಾಗಿ ಗಿಡಗಳು ಹೋಗುತ್ತವೆ.

ಹೊರಡುವ ಮುಂಚೆ ಶೂ ತಳ ಬ್ರಷ್‌ನಿಂದ ಉಜ್ಜಿ, ಕಳೆಬೀಜಗಳು ಅಲ್ಲೇ ಅಂಟಿಕೊಂಡಿರುತ್ತವೆ. ಹಣ್ಣಿನ ಸಿಪ್ಪೆಯನ್ನೂ ವಾಪಸ್ ತನ್ನಿ. ದಾರಿಯಲ್ಲಿ ಬಿದ್ದ ಮರ, ಕುಸಿದ ಅಂಚು ಕಂಡರೆ ಜಾಗ ಗುರುತು ಸಿಗುವ ಹಾಗೆ ಒಂದು ಫೋಟೋ ತೆಗೆದು, ಇಳಿದ ಮೇಲೆ ಕಾಡಿನ ಸಿಬ್ಬಂದಿಗೆ ತೋರಿಸಿ.