ತಿನ್ನಲು ಯಾವ ಸೇಬು, ಬೇಯಿಸಲು ಯಾವ ಸೇಬು?

ಸೇಬು ಆರಿಸುವಾಗ ಬಹುತೇಕರು ಮೊದಲು ನೋಡುವುದು ಬಣ್ಣವನ್ನು. ಅದಕ್ಕಿಂತ ಮೊದಲು, ಹಣ್ಣನ್ನು ಹಸಿಯಾಗಿ ತಿನ್ನುತ್ತೇವೆಯೋ ಬೇಯಿಸುತ್ತೇವೆಯೋ, ಬೇಯಿಸಿದರೆ ಹೋಳುಗಳು ಹಾಗೆಯೇ ಉಳಿಯಬೇಕೋ ಕರಗಿ ಮುದ್ದೆಯಾಗಬೇಕೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಹಸಿಯಾಗಿ ತಿನ್ನಲು ಬಿಗಿಯಾದ, ರಸಭರಿತ ತಿರುಳಿನ ತಳಿ ಬೇಕು. ಸಿಹಿ ಇಷ್ಟಪಡುವವರಿಗೆ ಗಾಲಾ ಮತ್ತು ಫ್ಯೂಜಿ ಒಪ್ಪುತ್ತವೆ. ಮಿನೆಸೋಟಾ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್ ತಳಿಯ ಜೀವಕೋಶಗಳು ದೊಡ್ಡವಾಗಿದ್ದು, ಕಚ್ಚಿದಾಗ ಒಡೆದು ರಸ ಚಿಮ್ಮಿಸುತ್ತವೆ. ಕಡುಗೆಂಪಿನ ರೆಡ್ ಡೆಲಿಷಿಯಸ್ ನೋಡಲು ಚೆಂದವೇ ಸರಿ, ಆದರೆ ಹಳೆಯದಾದರೆ ಬಾಯಲ್ಲಿ ಹಿಟ್ಟುಹಿಟ್ಟಾಗುತ್ತದೆ. ಬೇಯಿಸಲಂತೂ ಅದನ್ನು ಆರಿಸದಿರುವುದೇ ಒಳ್ಳೆಯದು.

ಅಡುಗೆಗೆ ಹುಳಿ ಸೇಬೇ ಬೇಕೆಂಬ ಮಾತು ಅರ್ಧ ಮಾತ್ರ ನಿಜ. ಸೇಬಿನ ಹುಳಿಗೆ ಮುಖ್ಯ ಕಾರಣ ಮ್ಯಾಲಿಕ್ ಆಮ್ಲ. ಸಕ್ಕರೆ ಸೇರಿಸಿ ಬೇಯಿಸಿದಾಗ ರುಚಿ ಸಪ್ಪೆಯಾಗದಂತೆ ಕಾಯುವುದು ಅದೇ. ಆದರೆ ಹೋಳು ನಿಲ್ಲುತ್ತದೆಯೋ ಕರಗುತ್ತದೆಯೋ ಎಂಬುದನ್ನು ಹುಳಿಯಿಂದಷ್ಟೇ ಹೇಳಲಾಗದು. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಬಿಸಿಗೆ ಎಷ್ಟು ಬೇಗ ಸಡಿಲಗೊಳ್ಳುತ್ತದೆ ಎಂಬುದು ತಳಿಯಿಂದ ತಳಿಗೆ ಬೇರೆ. ಆಸ್ಟ್ರೇಲಿಯಾ ಮೂಲದ ಗ್ರ್ಯಾನಿ ಸ್ಮಿತ್ ಮತ್ತು ಇಂಗ್ಲೆಂಡಿನ ಬ್ರ್ಯಾಮ್ಲಿ ಎರಡೂ ಹುಳಿಯೇ. ಆದರೂ ಬೆಂದಾಗ ಮೊದಲನೆಯದು ಆಕಾರ ಉಳಿಸಿಕೊಳ್ಳುತ್ತದೆ, ಎರಡನೆಯದು ನೊರೆಯಂತೆ ಹಗುರವಾಗಿ ಕರಗುತ್ತದೆ. ಆದ್ದರಿಂದ ಪೈಗೆ (ಹಿಟ್ಟಿನ ಹೊದಿಕೆಯಲ್ಲಿ ಹಣ್ಣಿನ ಹೋಳು ತುಂಬಿ ಬೇಯಿಸುವ ತಿನಿಸು) ಗ್ರ್ಯಾನಿ ಸ್ಮಿತ್, ಸಾಸ್‌ಗೆ ಬ್ರ್ಯಾಮ್ಲಿ ಅಥವಾ ಮ್ಯಾಕಿಂಟಾಷ್ ಸೂಕ್ತ. ಹುಳಿ ಬೇಡವೆನ್ನುವವರು ಗೋಲ್ಡನ್ ಡೆಲಿಷಿಯಸ್ ಬಳಸಬಹುದು. ಅದರ ಹೋಳುಗಳೂ ಸಾಕಷ್ಟು ಗಟ್ಟಿಯಾಗಿಯೇ ಉಳಿಯುತ್ತವೆ. ಪೈಗೆ ಎರಡು ತಳಿ ಬೆರೆಸುವುದು ಇನ್ನೂ ಮೇಲು: ಒಂದು ಕರಗಿ ರಸವಾದರೆ ಇನ್ನೊಂದು ಬಾಯಿಗೆ ಸಿಗುತ್ತದೆ. ಜೆಲ್ಲಿಗೆ ಪೆಕ್ಟಿನ್ ಹೆಚ್ಚಿರುವ, ಪೂರ್ತಿ ಮಾಗದ ಹುಳಿ ಹಣ್ಣೇ ಆಗಬೇಕು.

ಪರಿಚಯವಿಲ್ಲದ ತಳಿಯಾದರೆ ನಾಲ್ಕು ಹೋಳುಗಳನ್ನು ಸ್ವಲ್ಪ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ ನೋಡಿ, ಅದರ ಗುಣ ತಿಳಿಯುತ್ತದೆ.

ಕೊಳ್ಳುವಾಗ ಕೆಂಪನ್ನು ಬಿಟ್ಟು ತೊಟ್ಟಿನ ಸುತ್ತಲಿನ ತಳಬಣ್ಣವನ್ನು ಗಮನಿಸಿ. ಮಾಗಿದಂತೆ ಅದು ಹಸಿರಿನಿಂದ ಹಳದಿಗೆ ತಿರುಗುತ್ತದೆ. ಗ್ರ್ಯಾನಿ ಸ್ಮಿತ್‌ನಂಥ ಹಸಿರು ತಳಿಗಳಿಗೆ ಈ ಪರೀಕ್ಷೆ ನಡೆಯದು. ಒತ್ತಿದರೆ ತಗ್ಗು ಬೀಳದ, ಕೈಯಲ್ಲಿ ತೂಕವೆನಿಸುವ ಹಣ್ಣನ್ನು ಆರಿಸಿ.

ತಂದ ಹಣ್ಣನ್ನು ಫ್ರಿಜ್‌ನಲ್ಲಿಡಿ. ಸೇಬು ಹೊರಸೂಸುವ ಎಥಿಲೀನ್ ಅನಿಲವು ಸೊಪ್ಪನ್ನು ಬೇಗ ಹಳದಿಯಾಗಿಸುವುದರಿಂದ ಎರಡನ್ನೂ ಒಟ್ಟಿಗೆ ಇಡಬೇಡಿ. ಇಟ್ಟಷ್ಟು ದಿನವೂ ಹಣ್ಣಿನ ಆಮ್ಲ ತಗ್ಗುತ್ತದೆ. ಹೀಗೆ ಹಳೆಯದಾದ ಹಣ್ಣನ್ನು ಬೇಯಿಸುವಾಗ ಸಕ್ಕರೆ ಕಡಿಮೆ ಮಾಡಿ, ಸ್ವಲ್ಪ ನಿಂಬೆರಸ ಹಿಂಡಿ.